ವಾರ್ಡಿನ ಗಾಳಿಗೆ ಸಾಕ್ಷಿ ಹೇಳಿದ ಗಿನಿಪಿಗ್‌ಗಳು

ಕ್ಷಯರೋಗಿಗಳ ಆರೈಕೆ ಮಾಡುವವರಿಗೆ ಅಲ್ಲಿಂದಲೇ ಕ್ಷಯ ಅಂಟುತ್ತದೆ ಎಂಬುದನ್ನು ವೈದ್ಯಲೋಕ ಒಪ್ಪಿಕೊಂಡದ್ದು ಬಹಳ ತಡವಾಗಿ. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರೋಗಾಣುವನ್ನೇ ಮುಂದಿಟ್ಟರು. ಅದೇ ವರ್ಷ ಲಂಡನ್ನಿನ ಬ್ರಾಂಪ್ಟನ್ ಎದೆರೋಗದ ಆಸ್ಪತ್ರೆಯ ದಾಖಲೆಗಳನ್ನು ಜಾಲಾಡಿದ ಥಿಯೊಡೋರ್ ವಿಲಿಯಮ್ಸ್, ಇಲ್ಲಿನ ಸಿಬ್ಬಂದಿಗೆ ಕ್ಷಯ ಹೊರಗಿನವರಿಗಿಂತ ಹೆಚ್ಚೇನೂ ಬಂದಿಲ್ಲ ಎಂದು ಬರೆದರು. ಲೆಕ್ಕ ಸುಳ್ಳಲ್ಲ. ಆದರೆ ಆ ಕಾಲದ ಲಂಡನ್ನಿನಲ್ಲಿ ಹೊರಗಿನವರೂ ಕ್ಷಯದ ನಡುವೆಯೇ ಬೆಳೆದವರು. ಆಸ್ಪತ್ರೆಗೂ ಬೀದಿಗೂ ಅಂತರವೇ ಇಲ್ಲದ ಮೇಲೆ ವ್ಯತ್ಯಾಸ ಕಾಣುವುದಾದರೂ ಹೇಗೆ?

ಅದು ಕಂಡದ್ದು ಓಸ್ಲೊದಲ್ಲಿ. ಉಲ್ಲೆವೊಲ್ ಆಸ್ಪತ್ರೆಯ ಯೊಹಾನ್ನೆಸ್ ಹೈಮ್‌ಬೆಕ್ 1924ರಿಂದ, ನರ್ಸಿಂಗ್ ಕಲಿಯಲು ಸೇರಿದ ಹುಡುಗಿಯರ ಚರ್ಮ ಗೀರಿ ಟ್ಯೂಬರ್ಕುಲಿನ್ ಪರೀಕ್ಷೆ ಮಾಡತೊಡಗಿದರು. ಸೇರುವಾಗ ಸುಮಾರು ಅರ್ಧ ಜನರ ಚರ್ಮ ಕೆಂಪಾಗಲೇ ಇಲ್ಲ, ಅಂದರೆ ಅವರಿಗೆ ಸೋಂಕು ತಗಲಿರಲಿಲ್ಲ. ಮೂರು ವರ್ಷದ ತರಬೇತಿ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರ ಚರ್ಮವೂ ಕೆಂಪಾಗುತ್ತಿತ್ತು. ಕಾಯಿಲೆ ಬಿದ್ದವರಲ್ಲಿಯೂ, ಸೋಂಕಿಲ್ಲದೆ ಬಂದಿದ್ದ ಹುಡುಗಿಯರೇ ಹೆಚ್ಚು. ಆಸ್ಪತ್ರೆ ಅವರಿಗೆ ಕೆಲಸವನ್ನೂ ಕೊಟ್ಟಿತ್ತು, ಕ್ಷಯವನ್ನೂ ಕೊಟ್ಟಿತ್ತು.

ಸರಿ, ಅದು ಬಂದದ್ದು ಯಾವ ದಾರಿಯಲ್ಲಿ? ಕಫ, ಧೂಳು, ಎಂಜಲು ಲೋಟ, ಬಟ್ಟೆ ಎಂದು ಎಲ್ಲವನ್ನೂ ದೂರಿದರು. ಗಾಳಿಯನ್ನು ಮಾತ್ರ ಬಿಟ್ಟುಬಿಟ್ಟರು. ಊರಿನ ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂಬ ಹಳೆಯ ನಂಬಿಕೆಯನ್ನು ಕಿತ್ತುಹಾಕಲು ಹೋರಾಡಿದ್ದ ತಲೆಮಾರಿಗೆ ಗಾಳಿ ಎಂದರೇ ಅಲರ್ಜಿ. ಅಮೆರಿಕದ ಚಾರ್ಲ್ಸ್ ಚೇಪಿನ್ 1910ರಲ್ಲಿ ಬರೆದ ಪುಸ್ತಕ ಈ ಧೋರಣೆಗೆ ಮುದ್ರೆ ಒತ್ತಿತು. ನರ್ಸ್‌ಗಳು ಕೈ ಉಜ್ಜಿ ಉಜ್ಜಿ ತೊಳೆದರು, ನೆಲ ಒರೆಸಿದರು, ಕಾಯಿಲೆ ಬಿದ್ದರು.

ಗಂಟು ಬಿಡಿಸಿದವರು ವೈದ್ಯರಲ್ಲ, ನೈರ್ಮಲ್ಯ ಎಂಜಿನಿಯರ್. ಹಾರ್ವರ್ಡ್‌ನಲ್ಲಿದ್ದ ವಿಲಿಯಮ್ ಫರ್ತ್ ವೆಲ್ಸ್ 1934ರಲ್ಲಿ ತೀರ ಸರಳವಾದ ಪ್ರಶ್ನೆಯೊಂದನ್ನು ಲೆಕ್ಕಕ್ಕೆ ಇಳಿಸಿದರು: ಕೆಮ್ಮಿದಾಗ ಸಿಡಿದ ಹನಿ ಮೊದಲು ನೆಲ ಮುಟ್ಟುತ್ತದೋ, ಮೊದಲು ಒಣಗುತ್ತದೋ? ದೊಡ್ಡ ಹನಿ ಬೀಳುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗಿಂತ ಸಣ್ಣದಾದರೆ ಆಳೆತ್ತರದಿಂದ ಕೆಳಗಿಳಿಯುವ ಮೊದಲೇ ನೀರು ಆರಿಹೋಗುತ್ತದೆ. ಉಳಿಯುವ ಒಣ ಕಣ, ರೋಗಾಣುವನ್ನು ಹೊತ್ತುಕೊಂಡು, ಗಂಟೆಗಟ್ಟಲೆ ಕೋಣೆಯಲ್ಲಿ ತೇಲುತ್ತದೆ. ಉಸಿರಿನ ಜೊತೆ ಶ್ವಾಸಕೋಶದ ತಳಕ್ಕೆ ಇಳಿಯುವಷ್ಟು ಸಣ್ಣದು ಅದು. ಕೈ ತೊಳೆದರೆ ಇದಕ್ಕೇನು?

ಲೆಕ್ಕವನ್ನು ನಂಬದವರೇ ಹೆಚ್ಚು. ಆದ್ದರಿಂದ ವೆಲ್ಸ್ ಮತ್ತು ಅವರ ಹಳೆಯ ಶಿಷ್ಯ, ಜಾನ್ಸ್ ಹಾಪ್ಕಿನ್ಸ್‌ನ ರಿಚರ್ಡ್ ರೈಲಿ, ಬಾಲ್ಟಿಮೋರಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 1950ರ ದಶಕದ ಕೊನೆಗೆ ವಿಚಿತ್ರ ಏರ್ಪಾಡೊಂದನ್ನು ಮಾಡಿದರು. ಕೆಳಗೆ ಆರು ಕೋಣೆಗಳ ಕ್ಷಯದ ವಾರ್ಡ್. ಅಲ್ಲಿಂದ ಹೊರಡುವ ಗಾಳಿಯನ್ನೆಲ್ಲ ಕೊಳವೆಯಲ್ಲಿ ಮೇಲಕ್ಕೆಳೆದು, ಚಾವಣಿಯ ಮೇಲಿನ ಕೋಣೆಯಲ್ಲಿದ್ದ ನೂರೈವತ್ತರಷ್ಟು ಗಿನಿಪಿಗ್‌ಗಳಿಗೆ ಬಿಟ್ಟರು. ಗಿನಿಪಿಗ್ ರೋಗಿಯ ಮುಖ ಕಂಡಿಲ್ಲ, ಹಾಸಿಗೆ ಮುಟ್ಟಿಲ್ಲ. ಕೆಳಗಿನಿಂದ ಅದಕ್ಕೆ ಬರುವುದು ಗಾಳಿಯೊಂದೇ. ತಿಂಗಳಿಗೊಮ್ಮೆ ಟ್ಯೂಬರ್ಕುಲಿನ್ ಪರೀಕ್ಷೆ. ತಿಂಗಳಿಗೆ ಹೆಚ್ಚುಕಡಿಮೆ ಮೂರರಂತೆ, ಎರಡು ವರ್ಷದಲ್ಲಿ 71 ಪ್ರಾಣಿಗಳಿಗೆ ಸೋಂಕು ಹತ್ತಿತು. ಕೊಯ್ದು ನೋಡಿದರೆ ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಒಂದೇ ಒಂದು ಗಂಟು: ಎಲ್ಲೋ ಒಂದು ಕಣ ಒಳಹೊಕ್ಕ ಗುರುತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅವರು ಕಟ್ಟಿದ ಇನ್ನೊಂದು ಅಂದಾಜು. ವಾರ್ಡಿನ ಸುಮಾರು 11,000 ಘನ ಅಡಿ ಗಾಳಿಗೆ ಸೋಂಕಿನ ಕಣ ಒಂದು. ನರ್ಸ್ ಒಬ್ಬರು ಅಷ್ಟು ಗಾಳಿಯನ್ನು ಉಸಿರಾಡಲು ಪಾಳಿಯ ಮೇಲೆ ಪಾಳಿ ಮಾಡುತ್ತ ತಿಂಗಳುಗಳನ್ನೇ ಕಳೆಯಬೇಕು. ಇಂಥ ದಿನ, ಇಂಥ ರೋಗಿಯಿಂದ ಎಂದು ಬೊಟ್ಟು ಮಾಡಲು ಯಾರಿಗೂ ಆಗದಿದ್ದುದು ಇದಕ್ಕೇ.

ತಕರಾರು ಆಗಲೂ ನಿಲ್ಲಲಿಲ್ಲ. ಮೇವಿನಿಂದಲೋ ನೀರಿನಿಂದಲೋ ಬಂದಿರಬಾರದೇಕೆ ಎಂದರು. ರೈಲಿ ಎರಡನೆಯ ಗಿನಿಪಿಗ್ ಕೋಣೆ ಮಾಡಿಸಿ, ಅದಕ್ಕೆ ಹೋಗುವ ಗಾಳಿಯನ್ನು ಮಾತ್ರ ನೇರಳಾತೀತ ದೀಪಗಳ ಮುಂದೆ ಹಾಯಿಸಿದರು. ಮತ್ತೆ ಎರಡು ವರ್ಷ. ದೀಪವಿಲ್ಲದ ಕಡೆ 63 ಪ್ರಾಣಿಗಳಿಗೆ ಸೋಂಕು; ದೀಪವಿದ್ದ ಕಡೆ ಒಂದಕ್ಕೂ ಇಲ್ಲ. 1962ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಕೊನೆಯ ಹೆಸರು ಭಾರತದ ಡಿ. ಎನ್. ಶಿವಪುರಿಯವರದು. ಮರುವರ್ಷ ವೆಲ್ಸ್ ತೀರಿಕೊಂಡರು.

ಅದೇ ಪ್ರಬಂಧದಲ್ಲಿ ಆಸ್ಪತ್ರೆಗಳು ಓದಿಯೂ ಓದದಂತಿದ್ದ ಸಂಗತಿಯೊಂದಿತ್ತು. ಯಾರಿಂದ ಬಂದದ್ದೆಂದು ಗುರುತು ಹಿಡಿಯಲಾದ 48 ಸೋಂಕುಗಳಲ್ಲಿ 35ಕ್ಕೆ ಕಾರಣರಾದವರು 77 ರೋಗಿಗಳ ಪೈಕಿ ಬರೀ ಮೂವರು. ಮೂವರ ರೋಗಾಣುವೂ ಔಷಧಕ್ಕೆ ಬಗ್ಗದಂಥದ್ದು. ಸರಿಯಾದ ಔಷಧ ನಾಟಿದವರಿಂದ ಭಯ ಬಹಳ ಕಡಿಮೆ. ಭಯವಿರುವುದು ನಾಟದವರಿಂದ, ಇನ್ನೂ ಪತ್ತೆಯೇ ಆಗದವರಿಂದ.

ಅಷ್ಟರಲ್ಲಿ ಒಳ್ಳೆಯ ಔಷಧಗಳು ಬಂದಿದ್ದವು, ಕಟ್ಟಡ ಕಟ್ಟುವವರು ಗಾಳಿಯನ್ನು ಮರೆತರು. ಅದರ ಬೆಲೆಯನ್ನು ಅಳೆದದ್ದು ಪೆರು ದೇಶದ ಲಿಮಾದಲ್ಲಿ, 2007ರಲ್ಲಿ. ರಾಡ್ ಎಸ್ಕೋಂಬ್ ಮತ್ತು ಸಂಗಡಿಗರು ಎಂಟು ಆಸ್ಪತ್ರೆಗಳ 70 ಕೋಣೆಗಳಿಗೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಫ್ಯಾನಿನಿಂದ ಕಲಸಿ, ಕಿಟಕಿ ಬಾಗಿಲು ತೆಗೆದು, ಅದು ಎಷ್ಟು ಬೇಗ ಕರಗುತ್ತದೆಂದು ನೋಡಿದರು. ಕಿಟಕಿ ತೆಗೆದಿಟ್ಟರೆ ಕೋಣೆಯ ಗಾಳಿ ಗಂಟೆಗೆ ಸರಾಸರಿ 28 ಸಲ ಬದಲಾಗುತ್ತಿತ್ತು. ದುಬಾರಿ ಯಂತ್ರಗಳಿದ್ದ ಕೋಣೆಗಳಿಗೆ ನಿಗದಿಯಾದದ್ದು 12 ಸಲ. 1950ಕ್ಕೆ ಮುಂಚಿನ, ಎತ್ತರದ ಚಾವಣಿ ದೊಡ್ಡ ಕಿಟಕಿಗಳ ಕಟ್ಟಡಗಳಲ್ಲಂತೂ 40. ಹೊಸ ಕಟ್ಟಡಗಳಲ್ಲಿ 17. ಚಿಕಿತ್ಸೆಯಿಲ್ಲದ ರೋಗಿಗಳೊಡನೆ ಒಂದು ದಿನ ಇದ್ದವರಲ್ಲಿ ಯಂತ್ರದ ಕೋಣೆಯಲ್ಲಾದರೆ ನೂರಕ್ಕೆ 39, ಹೊಸ ಕಟ್ಟಡದಲ್ಲಾದರೆ 33, ಹಳೆಯದರಲ್ಲಾದರೆ 11 ಜನರಿಗೆ ಸೋಂಕು ತಗಲೀತು ಎಂಬುದು ಅವರ ಅಂದಾಜು.

ಕಿಟಕಿಯೊಂದೇ ಸಾಕೆಂದೇನಲ್ಲ. ಗಾಳಿಯಾಡದ ದಿನವಿದೆ, ಎಲ್ಲರೂ ಕದವಿಕ್ಕಿಕೊಳ್ಳುವ ಚಳಿಯಿದೆ. ಕಫ ತೆಗೆಸುವ ಕೋಣೆಗೆ ಯಂತ್ರ ಬೇಕು, ಸಿಬ್ಬಂದಿಗೆ ಎನ್-95 ಮಾಸ್ಕ್ ಬೇಕು. ಆದರೂ ಎಸ್ಕೋಂಬ್ ತಂಡ ಮುಂದೆ ಲಿಮಾದಲ್ಲಿ ಮುಚ್ಚಿಹೋದ ಕಿಟಕಿಗಳನ್ನು ತೆರೆಸಿ, ಕೆಲವೆಡೆ ಹೊಸ ಕಿಂಡಿ ಬಿಡಿಸಿ ಮತ್ತೆ ಅಳೆದಾಗ ಆರಿಸಿಕೊಂಡದ್ದು ಹೊರರೋಗಿಗಳು ಕಾಯುವ ಕೋಣೆಗಳನ್ನು, ವೈದ್ಯರು ನೋಡುವ ಕೋಣೆಗಳನ್ನು. ಏನು ರೋಗವೆಂದು ಇನ್ನೂ ಗೊತ್ತಿಲ್ಲದವರು ಚೀಟಿ ಮಾಡಿಸಿಕೊಂಡು ಕೆಮ್ಮುತ್ತ ಕೂರುವುದು ಅಲ್ಲಿಯೇ.