ಆಪತ್ತಿನ ಕರೆಯ ಖರ್ಚು ಯಾರ ತಲೆಗೆ?

ಕಬ್ಬಿನ ಹಂಗಾಮು ಬಂತೆಂದರೆ ಬಾಗಲಕೋಟೆ ಜಿಲ್ಲೆಯ ರನ್ನ ಬೆಳಗಲಿ, ಮಹಾಲಿಂಗಪುರ, ಮುಧೋಳ ಸುತ್ತಿನ ರಸ್ತೆಗಳಲ್ಲಿ ಇರುಳಿಡೀ ಟ್ರ್ಯಾಕ್ಟರ್ ಸಪ್ಪಳ. ತಿರುವಿನಲ್ಲಿ ಟ್ರೇಲರೊಂದು ಮಗುಚಿದರೆ ಅಲ್ಲಿದ್ದವರು ಮೊದಲು ಒತ್ತುವುದು 108. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ, ‘ಎಲ್ಲಿದ್ದೀರಿ?’ ‘ಹಳ್ಳ ದಾಟಿದ್ರ ಗುಡಿ ಬರ್ತೈತ್ರಿ, ಅಲ್ಲಿಂದ ಎಡಕ್ಕ ಹೊಲದ ದಾರಿ’ ಎಂದರೆ ಊರವರಿಗೆ ಸಾಕು. ದೂರದ ಕಾಲ್ ಸೆಂಟರಿನಲ್ಲಿ ಕೂತವರಿಗೆ ಅಷ್ಟು ಸಾಲದು.

ಮನೆಗಳಲ್ಲಿ ಸ್ಥಿರ ದೂರವಾಣಿ ಇದ್ದಾಗ ಪ್ರತಿ ನಂಬರಿಗೂ ಒಂದು ವಿಳಾಸವಿತ್ತು. ಮೊಬೈಲ್ ಕರೆಯಿಂದ ಸಾಮಾನ್ಯವಾಗಿ ತಿಳಿಯುವುದು ಯಾವ ಟವರ್ ಎಂಬುದಷ್ಟೇ. ಹಳ್ಳಿಗಾಡಿನಲ್ಲಿ ಒಂದು ಟವರಿನ ವ್ಯಾಪ್ತಿ ಹಲವು ಕಿಲೋಮೀಟರ್. ಫೋನಿನ ಜಿಪಿಎಸ್ ಗುರುತು ನೇರವಾಗಿ ಕರೆ ಎತ್ತುವವರ ಪರದೆಗೆ ಬರಬೇಕು, ಸಮೀಪದ ವಾಹನ ಯಾವುದೆಂದು ಆಗಲೇ ಕಾಣಬೇಕು. ಅದಕ್ಕೆ ಹೊಸ ಯಂತ್ರ, ಹೊಸ ತಂತ್ರಾಂಶ, ತರಬೇತಾದ ಜನ ಬೇಕು. ಒಮ್ಮೆ ಕೊಂಡರೆ ಮುಗಿಯುವ ಖರ್ಚಲ್ಲ ಅದು.

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ‘ಆರೋಗ್ಯ ಕವಚ’ ಶುರುವಾದದ್ದು 2008ರ ನವೆಂಬರ್ 1ರಂದು. 2022ರ ಸೆಪ್ಟೆಂಬರಿನಲ್ಲಿ ಅದರ ಕಾಲ್ ಸೆಂಟರಿನ ತಾಂತ್ರಿಕ ವ್ಯವಸ್ಥೆಯೇ ಕೈಕೊಟ್ಟು ರಾಜ್ಯದಾದ್ಯಂತ ಜನ ಪರದಾಡಿದರು. ಆಂಬುಲೆನ್ಸ್ ಇದ್ದೂ ಕರೆ ತಲುಪದಿದ್ದರೆ ಏನಾಗುತ್ತದೆಂದು ಆಗ ಎಲ್ಲರಿಗೂ ಕಂಡಿತು.

ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಒಂದೇ ಸಂಖ್ಯೆಯಾಗಿ ಬಂದ 112ಕ್ಕೆ ಹಣ ಸಿಕ್ಕಿದ್ದು ನಿರ್ಭಯಾ ನಿಧಿಯಿಂದ. ದೇಶವ್ಯಾಪಿ ಯೋಜನೆಗೆ ಮಂಜೂರಾದ ಮೊತ್ತ 321.69 ಕೋಟಿ ರೂಪಾಯಿ. 2018ರ ನವೆಂಬರಿನಲ್ಲಿ ಮೊದಲು ಅದು ಹಿಮಾಚಲ ಪ್ರದೇಶದಲ್ಲಿ ಜಾರಿಯಾಯಿತು. ಕೀಪ್ಯಾಡ್ ಮೊಬೈಲಿನಲ್ಲೂ 5 ಅಥವಾ 9ನ್ನು ಒತ್ತಿ ಹಿಡಿದರೆ ಆಪತ್ತಿನ ಕರೆ ಹೋಗುವಂತೆ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹೊಲದಲ್ಲಿ ದುಡಿಯುವವರಿಗೆ ತುಂಬ ಬೇಕಾದ ಈ ಸೌಲಭ್ಯ ಎಷ್ಟೋ ಜನರಿಗೆ ತಿಳಿದೇ ಇಲ್ಲ.

ಅಮೆರಿಕದ್ದು ಬೇರೆ ದಾರಿ. 1968ರ ಫೆಬ್ರವರಿ 16ರಂದು ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಪಟ್ಟಣದಿಂದ ಅಲ್ಲಿನ ಆಪತ್ತಿನ ಸಂಖ್ಯೆ 911ಕ್ಕೆ ಮೊದಲ ಕರೆ ಹೋಯಿತು. ಮುಂದೆ ಅಲ್ಲಿನ ರಾಜ್ಯಗಳು, ಕೌಂಟಿಗಳು ಈ ಸೇವೆಗೆಂದೇ ಫೋನ್ ಬಿಲ್ಲಿನ ಮೇಲೆ ತಿಂಗಳಿಗಿಷ್ಟು ಎಂದು ಸಣ್ಣ ಸರ್‌ಚಾರ್ಜ್ ಹಾಕಿದವು. ಬಿಲ್ಲಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲೇ ಇರುತ್ತದೆ. ಆದರೂ ಕೆಲವು ರಾಜ್ಯಗಳು ಆ ಹಣವನ್ನು ಬೇರೆ ಖರ್ಚಿಗೆ ತಿರುಗಿಸಿದವು. ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ಪ್ರತಿವರ್ಷ ವರದಿ ಮಾಡುವ ಹೊಣೆಯನ್ನು 2008ರ ಕಾನೂನು ಅಲ್ಲಿನ ಸಂಪರ್ಕ ಆಯೋಗಕ್ಕೆ ವಹಿಸಿತು. ನ್ಯೂಯಾರ್ಕ್, ನ್ಯೂಜೆರ್ಸಿ, ರೋಡ್ ಐಲೆಂಡ್ ಹೆಸರುಗಳು ಆ ವರದಿಗಳಲ್ಲಿ ಮತ್ತೆ ಮತ್ತೆ ಬಂದಿವೆ.

ಈ ರೋಗ ನಮಗೂ ಹೊಸದಲ್ಲ. ನಮ್ಮ ಪಟ್ಟಣಗಳ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೆಂದು ಶೇ 6ರಷ್ಟು ಸೇರುತ್ತದೆ. ಹಾಗೆ ವಸೂಲಾದ ಹಣವನ್ನು ಗ್ರಂಥಾಲಯ ಇಲಾಖೆಗೆ ಕೊಡದೆ ಬೆಂಗಳೂರು ಮಹಾನಗರ ಪಾಲಿಕೆ ಕೋಟ್ಯಂತರ ರೂಪಾಯಿ ಬಾಕಿ ಉಳಿಸಿಕೊಂಡ ಸುದ್ದಿ ಹಲವು ಸಲ ಬಂದಿದೆ.

ಹಾಗಾದರೆ ಇಲ್ಲಿಯೂ ರೀಚಾರ್ಜ್ ಮೇಲೆ ಒಂದೆರಡು ರೂಪಾಯಿ ಹಾಕಬೇಕೇ? ಬೇಡ. ಮುಧೋಳದ ಕೂಲಿಕಾರನಾಗಲಿ ಬನಹಟ್ಟಿಯ ನೇಕಾರನಾಗಲಿ ಪ್ರತಿ ರೀಚಾರ್ಜಿಗೆ ಈಗಾಗಲೇ ಶೇ 18 ಜಿಎಸ್‌ಟಿ ಕೊಡುತ್ತಿದ್ದಾನೆ. ಅದರಾಚೆಗೆ, ಮೊಬೈಲ್ ಕಂಪನಿಗಳ ಹೊಂದಾಣಿಕೆಯಾದ ಒಟ್ಟು ಆದಾಯದಲ್ಲಿ ಶೇ 5 ಪಾಲು 2002ರಿಂದ ಗ್ರಾಮೀಣ ಸಂಪರ್ಕದ ಹೆಸರಿನಲ್ಲಿ ಕೇಂದ್ರದ ನಿಧಿಯೊಂದಕ್ಕೆ ಸಲ್ಲುತ್ತಿದೆ. ಕಂಪನಿಗೆ ಆ ಆದಾಯ ಬರುವುದೂ ಗ್ರಾಹಕರ ಜೇಬಿನಿಂದಲೇ. 2023ರ ದೂರಸಂಪರ್ಕ ಕಾಯ್ದೆ ಈ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂಬ ಹೊಸ ಹೆಸರು ಕೊಟ್ಟಿತು.

ದೂರದ ಊರುಗಳಿಗೆ ಸಂಪರ್ಕ ಒದಗಿಸುವುದೇ ನಿಧಿಯ ಉದ್ದೇಶವಾದರೆ, ಆಪತ್ತಿನ ಕರೆಗಿಂತ ಮುಖ್ಯವಾದ ಸಂಪರ್ಕ ಯಾವುದು? 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕುಗಳ ಊರುಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಧಿಯ ಒಂದು ಪಾಲನ್ನು 112 ಮತ್ತು 108ರ ಸುಧಾರಣೆಗೆಂದೇ ಬೇರೆ ತೆಗೆದಿಡಬೇಕು. ಎಷ್ಟು ಬಂತು, ಯಾವ ಜಿಲ್ಲೆಯಲ್ಲಿ ಯಾವುದಕ್ಕೆ ಖರ್ಚಾಯಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಜನರ ಮುಂದಿಡಬೇಕು.