ಒಬ್ಬರಿದ್ದಾಗ ವೇಗ, ಇಬ್ಬರಾದರೆ ನಿಧಾನ: ಯಾಕೆ?

ನಮ್ಮ ವಾಣಿಜ್ಯ ವಿಭಾಗದವರಲ್ಲಿ ಅನೇಕರು ರಜೆಯಲ್ಲಿ ಬಂದರಿನ ಸಗಟು ಅಂಗಡಿಯಲ್ಲೋ ಬೈಕಂಪಾಡಿಯ ಕಚೇರಿಯಲ್ಲೋ ಟ್ಯಾಲಿಯ ಮುಂದೆ ಕೂರುತ್ತಾರೆ. ಬೆಳಿಗ್ಗೆ ಒಬ್ಬರೇ ಇರುವಾಗ ಲೆಡ್ಜರ್ ಥಟ್ಟನೆ ತೆರೆಯುತ್ತದೆ. ಇನ್ನಿಬ್ಬರು ಬಂದು ಅದೇ ಲೆಕ್ಕ ತೆರೆದರೆ ಸಾಕು, ಒಂದೊಂದು ಬಿಲ್ಲಿಗೂ ಕಾಯಬೇಕು. ಮಾಲೀಕರು ಹೊಸ ಕಂಪ್ಯೂಟರ್ ತರಿಸುತ್ತಾರೆ. ಆದರೂ ಅದೇ ಕಥೆ.

ಕಾರಣ ಇರುವುದು ಡೇಟಾ ಇಟ್ಟ ಕ್ರಮದಲ್ಲಿ. ಬೆಂಗಳೂರಿನ ಟ್ಯಾಲಿಯಾಗಲಿ, 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಆಗಲಿ, ಡೇಟಾವನ್ನು ಫೈಲುಗಳಲ್ಲಿ ಇಡುತ್ತವೆ. ಆ ಫೋಲ್ಡರನ್ನು ಒಂದು ಕಂಪ್ಯೂಟರಿನಲ್ಲಿಟ್ಟು ಹಂಚಿದಾಗ ಅದನ್ನು ನಾವು ‘ಸರ್ವರ್’ ಎನ್ನುತ್ತೇವೆ. ನಿಜವಾಗಿ ಅದು ಬರೀ ಕಪಾಟು. ಹುಡುಕುವ ಕೆಲಸವೆಲ್ಲ ನಮ್ಮ ಮೇಜಿನ ಕಂಪ್ಯೂಟರಿನದ್ದೇ. ಹುಡುಕುವ ಕಾಲಮ್ಮಿಗೆ ಇಂಡೆಕ್ಸ್ ಇದ್ದರೆ ಫೈಲಿನ ಕೆಲವೇ ಪುಟಗಳು ಕೇಬಲ್‌ನಲ್ಲಿ ಬರುತ್ತವೆ. ಇಲ್ಲದಿದ್ದರೆ ಇಡೀ ಟೇಬಲ್ ಬರಬೇಕು. ಪಣಂಬೂರಿನಲ್ಲಿರುವ ಒಂದು ಚೀಲ ಬೇಕೆಂದು ಗೋದಾಮನ್ನೇ ಲಾರಿಗೆ ತುಂಬಿ, ಕೂಳೂರು ಸೇತುವೆ ದಾಟಿಸಿ, ಅಂಗಳದಲ್ಲಿ ಸುರಿದು ಹುಡುಕಿದ ಹಾಗೆ!

ಇಬ್ಬರಾದ ಕೂಡಲೇ ನಿಧಾನವಾಗುವುದಕ್ಕೆ ಇನ್ನೊಂದು ಕಾರಣವಿದೆ. ಫೈಲನ್ನು ಒಬ್ಬರೇ ತೆರೆದಿದ್ದರೆ ವಿಂಡೋಸ್ ಅದರ ಭಾಗಗಳನ್ನು ಆ ಕಂಪ್ಯೂಟರಿನಲ್ಲೇ ನೆನಪಿಟ್ಟುಕೊಳ್ಳಲು ಬಿಡುತ್ತದೆ. ಎರಡನೆಯವರು ಬಂದರೆ ಆ ಸವಲತ್ತು ಹೋಗುತ್ತದೆ. ಒಬ್ಬರು ಬದಲಿಸಿದ್ದು ಇನ್ನೊಬ್ಬರಿಗೆ ತಪ್ಪದೆ ಕಾಣಬೇಕಲ್ಲ? ಪ್ರತಿ ಓದಿಗೂ ನೆಟ್‌ವರ್ಕ್ ದಾಟಬೇಕು, ಜತೆಗೆ ಬೀಗ ಹಾಕುವ, ತೆಗೆಯುವ ಕೆಲಸ ಬೇರೆ. ಆಕ್ಸೆಸ್‌ನಲ್ಲಿ ಫೈಲಿನ ಪಕ್ಕದಲ್ಲೇ ಒಂದು ಚಿಕ್ಕ ಬೀಗದ ಫೈಲ್ ಹುಟ್ಟಿಕೊಳ್ಳುವುದನ್ನು ನೋಡಬಹುದು.

ಪತ್ತೆ ಹಚ್ಚುವುದು ಹೇಗೆ? ಎಲ್ಲರೂ ಹೊರಬಂದ ಮೇಲೆ ಡೇಟಾದ ಒಂದು ನಕಲನ್ನು ನಿಮ್ಮ ಕಂಪ್ಯೂಟರಿಗೆ ತಂದು ತೆರೆಯಿರಿ. ಅಲ್ಲೂ ನಿಧಾನವೇ? ಹಾಗಿದ್ದರೆ ನೆಟ್‌ವರ್ಕನ್ನು ಬೈಯಬೇಡಿ, ಇಂಡೆಕ್ಸ್ ಮತ್ತು ಕ್ವೆರಿ ನೋಡಿ. ಅಲ್ಲಿ ವೇಗವಿದ್ದರೆ ಹಂಚಿದ ಫೈಲನ್ನು ಮೊದಲು ಒಬ್ಬರು, ಆಮೇಲೆ ಇಬ್ಬರು ತೆರೆದು ನೋಡಿ. (ಪರೀಕ್ಷೆ ಮುಗಿದೊಡನೆ ನಕಲನ್ನು ಅಳಿಸಿ. ಯಾರಾದರೂ ಅದರಲ್ಲೇ ಫೀಸು ದಾಖಲಿಸಿದರೆ ಎರಡು ಲೆಕ್ಕವಾಗುತ್ತದೆ.)

ವೈಫೈ ಬಿಟ್ಟು ಕೇಬಲ್ ಹಾಕುವುದು ನನ್ನ ಮಟ್ಟಿಗೆ ಮೊದಲ ಮದ್ದು. ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಫೈಲೇ ಕೆಡಬಹುದು. ಅದು ಅಂಕಪಟ್ಟಿಯ ಫೈಲಾದರೆ ಗತಿಯೇನು? ಆಕ್ಸೆಸ್ ಆದರೆ ಟೇಬಲ್‌ಗಳನ್ನು ಮಾತ್ರ ಹಂಚಿದ ಫೋಲ್ಡರಿನಲ್ಲಿಟ್ಟು, ಫಾರ್ಮ್ ಮತ್ತು ರಿಪೋರ್ಟ್‌ಗಳ ಫೈಲನ್ನು ಪ್ರತಿಯೊಬ್ಬರ ಕಂಪ್ಯೂಟರಿಗೂ ಬೇರೆಬೇರೆಯಾಗಿ ಹಾಕಬೇಕು. ಟೇಬಲ್‌ಗಳ ಫೈಲಿಗೆ ಒಂದು ಸಂಪರ್ಕವನ್ನು ದಿನವಿಡೀ ತೆರೆದೇ ಇಟ್ಟರೆ ಬೀಗದ ಫೈಲ್ ಮತ್ತೆಮತ್ತೆ ಹುಟ್ಟಿ ಸಾಯುವುದು ತಪ್ಪುತ್ತದೆ. ಆಂಟಿವೈರಸ್ ಪ್ರತಿ ಓದಿಗೂ ಫೈಲನ್ನು ತಪಾಸಣೆ ಮಾಡುತ್ತಿದೆಯೇ ಎಂದೂ ನೋಡಿ.

ಆಕ್ಸೆಸ್‌ಗೆ 255 ಜನರ, 2 ಜಿಬಿಯ ಮಿತಿ ಎಂದು ಬರೆದಿರುತ್ತದೆ. ಆ 255 ಕಾಗದದ ಮೇಲಿನ ಲೆಕ್ಕ. ತೊಂದರೆ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗುತ್ತದೆ. ಆಗ ಮೈಎಸ್‌ಕ್ಯೂಎಲ್‌ನಂಥ ನಿಜವಾದ ಸರ್ವರ್ ಬೇಕು. ಅಲ್ಲಿ ಹುಡುಕುವುದು ಸರ್ವರೇ, ಕೇಬಲ್‌ನಲ್ಲಿ ಬರುವುದು ಉತ್ತರ ಮಾತ್ರ. ಟ್ಯಾಲಿಯವರು ಕೂಡ ಹೆಚ್ಚು ಜನ ಬಳಸುವ ಕಡೆಗೆಂದೇ ಟ್ಯಾಲಿಪ್ರೈಮ್ ಸರ್ವರ್ ಎಂಬುದನ್ನು ಬೇರೆಯಾಗಿ ಮಾರುತ್ತಾರೆ.