ಕರಗುತ್ತದೋ, ಇಲ್ಲವೋ? ಅಮೈನೋ ಆಮ್ಲಗಳ ತೂಕದ ಲೆಕ್ಕ

ನೀರಿಗೆ ಹಾಕಿದ ಸಕ್ಕರೆ ಕರಗುತ್ತದೆ, ಎಣ್ಣೆಗೆ ಹಾಕಿದರೆ ತಳದಲ್ಲೇ ಉಳಿಯುತ್ತದೆ. ಅಡುಗೆಮನೆಯ ಈ ಮಾಮೂಲಿ ಸಂಗತಿಯನ್ನು ವಿಜ್ಞಾನಿಗಳು ಅಮೈನೋ ಆಮ್ಲಗಳ ಮೇಲೆ ಪರೀಕ್ಷಿಸಿದ್ದರಿಂದ ರಕ್ತದ ಕಾಯಿಲೆಯೊಂದರ ಒಳಗುಟ್ಟು ಅರಿಯಲು ನೆರವಾಗಿದೆ.

ನಮ್ಮ ದೇಹದ ಪ್ರೊಟೀನುಗಳು 20 ಬಗೆಯ ಅಮೈನೋ ಆಮ್ಲಗಳಿಂದ ಆಗಿವೆ. ಇವುಗಳಲ್ಲಿ ಅತಿ ಚಿಕ್ಕದು ಗ್ಲೈಸಿನ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರಿಗೆ ಸುಮಾರು 25 ಗ್ರಾಂ ಗ್ಲೈಸಿನ್ ಕರಗುತ್ತದೆ. ಶುದ್ಧ ಆಲ್ಕೋಹಾಲಿನಲ್ಲಾದರೆ ಕರಗುವುದೇ ಇಲ್ಲವೆನ್ನಬಹುದು. ಅದರ ಅಣುವಿನ ಒಂದು ತುದಿಯಲ್ಲಿ ಧನ, ಇನ್ನೊಂದು ತುದಿಯಲ್ಲಿ ಋಣ ವಿದ್ಯುದಂಶವಿರುವುದೇ ಇದಕ್ಕೆ ಕಾರಣ.

ಅಳೆಯುವ ವಿಧಾನ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ದ್ರಾವಕಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಪುಡಿ ಹಾಕಿ, ಒಂದೇ ಉಷ್ಣತೆಯಲ್ಲಿ ಗಂಟೆಗಟ್ಟಲೆ ಕಲಕಬೇಕು. ನಂತರ ಸೋಸಿ, ದ್ರಾವಕವನ್ನು ಆವಿಯಾಗಿಸಿ, ಉಳಿದುದನ್ನು ತೂಗಬೇಕು. ಈ ಅಂಕಿಗಳಿಂದ ಸೂತ್ರ ಕಟ್ಟಿ, ಅಳೆಯದ ಮಿಶ್ರಣಗಳಲ್ಲಿ ಎಷ್ಟು ಕರಗೀತೆಂದು ಅಂದಾಜಿಸುವುದು ಔಷಧ ತಯಾರಿಕೆಗೂ ಉಪಯುಕ್ತ. ತೂಕ ತಪ್ಪಿದರೆ ಸೂತ್ರವೂ ತಪ್ಪುತ್ತದೆ ಎಂಬುದು ಗಮನಾರ್ಹ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಯಾಸುಹಿಕೊ ನೊಜಾಕಿ ಹಾಗೂ ಚಾರ್ಲ್ಸ್ ಟ್ಯಾನ್‌ಫೋರ್ಡ್ 1971ರಲ್ಲಿ ಇಂಥ ಅಳತೆಗಳನ್ನು ಪ್ರಕಟಿಸಿದರು. ಪ್ರತಿಯೊಂದರ ಲೆಕ್ಕದಿಂದ ಗ್ಲೈಸಿನ್‌ನ ಪಾಲನ್ನು ಕಳೆದಾಗ, ಆಯಾ ಆಮ್ಲದ ಪಾರ್ಶ್ವಭಾಗಕ್ಕೆ ನೀರು ಎಷ್ಟು ಒಲ್ಲದು ಎಂಬುದು ತಿಳಿಯಿತು. ವ್ಯಾಲೀನ್‌ಗೆ ಸಿಕ್ಕ ಅಂಕಿ ಮೋಲ್‌ಗೆ ಸುಮಾರು 1.5 ಕಿಲೋಕ್ಯಾಲೊರಿ. ಅಂದರೆ ಅದು ನೀರಿನಿಂದ ದೂರ ಸರಿಯುವ ಸ್ವಭಾವದ್ದು.

ಸಿಕಲ್ ಸೆಲ್ ಕಾಯಿಲೆಯಲ್ಲಿ ಆಗುವುದೂ ಇದೇ. ಹಿಮೋಗ್ಲೋಬಿನ್‌ನ ಒಂದು ಸರಪಳಿಯಲ್ಲಿ ನೀರನ್ನು ಮೆಚ್ಚುವ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲೀನ್ ಕೂತಿರುತ್ತದೆ ಎಂದು ವರ್ನನ್ ಇನ್‌ಗ್ರಾಮ್ 1957ರಲ್ಲಿ ತೋರಿಸಿದ್ದರು. ಆಮ್ಲಜನಕ ಕಡಿಮೆಯಾದಾಗ ಈ ವ್ಯಾಲೀನ್ ಪಕ್ಕದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು, ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ.

ಮಹಾರಾಷ್ಟ್ರದ ವಿದರ್ಭ, ಕರ್ನಾಟಕದ ಚಾಮರಾಜನಗರ, ಮೈಸೂರು ಭಾಗದ ಆದಿವಾಸಿ ಸಮುದಾಯಗಳಲ್ಲಿ ಈ ಕಾಯಿಲೆಯಿದೆ. 2047ರೊಳಗೆ ಇದನ್ನು ನಿರ್ಮೂಲನ ಮಾಡುವ ಗುರಿಯೊಂದಿಗೆ ಕೇಂದ್ರ ಸರಕಾರ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಪ್ರಾಥಮಿಕ ತಪಾಸಣೆಯ ಒಂದು ವಿಧಾನವೂ ಕರಗುವಿಕೆಯ ಪರೀಕ್ಷೆಯೇ! ನಿಗದಿತ ದ್ರಾವಣಕ್ಕೆ ಸ್ವಲ್ಪ ರಕ್ತ ಬೆರೆಸಿದಾಗ, ದೋಷವಿರುವ ಹಿಮೋಗ್ಲೋಬಿನ್ ಕರಗದೆ ದ್ರಾವಣ ಕದಡುತ್ತದೆ. ಹಿಂದಿಟ್ಟ ಕಾಗದದ ಗೆರೆಗಳು ಕಾಣಿಸುವುದಿಲ್ಲ. ಆದರೆ ಅವರು ರೋಗಿಯೋ, ಕೇವಲ ವಾಹಕರೋ ಎಂಬುದು ಇದರಿಂದ ತಿಳಿಯದು. ಅದಕ್ಕೆ ಮುಂದಿನ ಪರೀಕ್ಷೆ ಅಗತ್ಯ.

ಆರೋಗ್ಯ ಶಿಬಿರಗಳನ್ನು ಏರ್ಪಡಿಸುವ ಸಂಘ-ಸಂಸ್ಥೆಗಳು ವೈದ್ಯರ ಸಲಹೆ ಪಡೆದು ಈ ಪರೀಕ್ಷೆಯತ್ತಲೂ ಗಮನ ಹರಿಸಿದರೆ, ಮದುವೆಗೆ ಮುನ್ನವೇ ತಿಳಿದುಕೊಳ್ಳಬೇಕಾದವರಿಗೆ ಉಪಕಾರವಾದೀತು.